ಗಿಳಿಗೆ ಬೆನ್ನು ಹಾಕಿ ಊಟ

ಬಹಳ ದಿನ ಮುಚ್ಚಿಟ್ಟ ಎಸಿಯನ್ನು ಮೊದಲ ಸಲ ಹಾಕಿದಾಗ ಬರುವ ಧೂಳಿನ ವಾಸನೆ ಈಗಲೂ ನನ್ನನ್ನು ಒಮಾನಿನ ಇಬ್ರಿಯಲ್ಲಿದ್ದ ನಮ್ಮ ಫ್ಲ್ಯಾಟಿನ ಒಂದು ಮಧ್ಯಾಹ್ನಕ್ಕೆ ಎಳೆದೊಯ್ಯುತ್ತದೆ. ರೆಕ್ಕೆಯ ಗರಿ ಕತ್ತರಿಸಿದ ಮರಿಗಿಳಿಯೊಂದನ್ನು ಅಪ್ಪ ಹಿಂದಿನ ದಿನ ತಂದಿದ್ದರು. ಅದು ಪಂಜರದ ಮೂಲೆಗೆ ಅಂಟಿಕೊಂಡು, ಸೂರ್ಯಕಾಂತಿ ಬೀಜ ಮುಟ್ಟದೆ, ನಾವೇ ಕಳ್ಳರೆಂಬಂತೆ ಒಂದೇ ಕಣ್ಣಿನಿಂದ ನೋಡುತ್ತಿತ್ತು.

ಅದನ್ನು ಒಲಿಸಲು, ಅಪ್ಪ ಫೋನಿನಲ್ಲಿ ಅವಸರಪಡಿಸುತ್ತಾ ಅರಬಿಯಲ್ಲಿ ಕಿರುಚುವ “ಯಲ್ಲಾ, ಯಲ್ಲಾ” ಅಣಕಿಸಿ ತೋರಿಸಿದೆ. ಪೆಟ್ಟು ತಿಂದಾಗಿನ ನನ್ನದೇ ಅಳುವನ್ನೂ ಅಣಕಿಸಿದೆ. ಗಿಳಿಯ ಅನುಮಾನ ಇನ್ನೂ ಹೆಚ್ಚಿತು.

“ಸಂಜೆಯೊಳಗೆ ತಿನ್ನದಿದ್ರೆ ಅಂಗಡಿಗೇ ವಾಪಸ್. ಇಲ್ಲಿ ಸತ್ತುಗಿತ್ತು ಹೋದ್ರೆ?” ಎಂದರು ಅಪ್ಪ.

ಅಮ್ಮ ನಮ್ಮ ಊಟದ ಬಟ್ಟಲುಗಳನ್ನು ಗೋಡೆಯ ಕಡೆಗೆ ಇಟ್ಟರು. “ಹೊಸ ಮನೆಯಲ್ಲಿ ಎಲ್ಲರೂ ಬಾಯನ್ನೇ ನೋಡ್ತಾ ಕೂತ್ರೆ ಗಂಟಲಲ್ಲಿ ಇಳಿಯುದುಂಟಾ? ನಂಗೆ ಗೊತ್ತುಂಟು. ಆಚೆ ತಿರುಗಿ ಊಟ ಮಾಡಿ.”

ಅಪ್ಪ ತಿರುಗಿ ಕೂತರು. ಮೂವರೂ ಗೋಡೆ ನೋಡುತ್ತಾ ಕುಚ್ಚಲಕ್ಕಿ ಅನ್ನ, ಸಾರು ಉಣ್ಣತೊಡಗಿದೆವು. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಕಟಕ್ ಎಂದು ಬೀಜ ಒಡೆದ ಸದ್ದಾಯಿತು.

ಅಪ್ಪ ನನ್ನನ್ನು ದುರುಗುಟ್ಟಿ ನೋಡಿದರು. “ನೀನಾ ಮಾರಾಯ?”

ಅನ್ನ ತುಂಬಿದ ಬಾಯಿಯನ್ನು ಅಗಲವಾಗಿ ತೆರೆದು ತೋರಿಸಿದೆ. ಆಗಲೇ ಹಿಂದಿನಿಂದ ಇನ್ನೊಂದು ಕಟಕ್ ಕೇಳಿತು. ಯಾರೂ ತಿರುಗಿ ನೋಡಲಿಲ್ಲ.