ಎಡಗೈಗೊಂದು ಹಿಡಿಕೆ

ಹೆರೆದ ಬೇವಿನ ಹಲಗೆಯ ಕಹಿ ವಾಸನೆ ಬಂದರೆ ಇಂದಿಗೂ ನನ್ನ ಎಡಗೈ ತಾನಾಗಿ ಮುಂದೆ ಚಾಚಿಕೊಳ್ಳುತ್ತದೆ.

ಅದು ನಿಜಾಮರ ಕಾಲ. ತಾವರಗೇರಾದ ನಮ್ಮ ಮನೆಯ ಕಟ್ಟೆಯ ಮೇಲೆಯೇ ಅಜ್ಜ ಬಡಿಗತನ ಮಾಡುತ್ತಿದ್ದ. ಒಂದು ಮಧ್ಯಾಹ್ನ ಅವನು ನೀರು ಕುಡಿಯಲು ಎದ್ದಾಗ, ಹಲಗೆ ನುಣುಪು ಮಾಡುವ ರಂದಾ ಹಿಡಿದು ನಾನೇ ಉಜ್ಜತೊಡಗಿದೆ. ಅವ್ವ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತ ಓಡಿಬಂದಳು.

“ಎಲ್ಲಾದಕ್ಕೂ ಎಡಗೈನ ಮುಂದ ಮಾಡ್ತಾಳ ನೋಡ್ರಿ ಮಾವಾರ! ನಾಳೆ ಗಂಡನ ಮನಿಯವರು ಏನಂದಾರು? ಈ ಕೈ ಕಟ್ಟೇ ಬಿಡ್ತೀನಿ.”

ಅವಳ ಕೈಯಲ್ಲಿ ಹಳೆಯ ಸೀರೆಯ ಹರಕು ಇತ್ತು. ಅಜ್ಜ ನನ್ನ ಎಡಗೈಯನ್ನು ತನ್ನ ಒರಟು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳು ಒತ್ತಿ ನೋಡಿದ. ಆಮೇಲೆ ರಂದಾ ನೋಡಿದ. ಅದರ ಹಿಡಿಕೆ ಅವನ ಬಲಗೈಗೆ ಸವೆದು ಒಂದೇ ಮಗ್ಗುಲಿಗೆ ತಗ್ಗಾಗಿತ್ತು.

“ಕೈಗೇನಾಗೇತಿ ಯವ್ವಾ? ಹಿಡಿಕಿ ಸರಿ ಇಲ್ಲ, ಅಷ್ಟ.”

ಉಳಿ ತೆಗೆದುಕೊಂಡು ಹಿಡಿಕೆಯ ಇನ್ನೊಂದು ಮಗ್ಗುಲಲ್ಲಿ ನನ್ನ ಹೆಬ್ಬೆರಳಿನಷ್ಟೇ ತಗ್ಗು ಕೆತ್ತಿದ. ಅವ್ವ ಆ ಹರಕನ್ನು ಮಡಚಿಕೊಂಡು ಒಳಗೆ ಹೋದಳು.

ಅಜ್ಜ ತೀರಿದ ಮೇಲೆ ನನ್ನ ಮದುವೆಯಾಯಿತು. ಗಂಗಾವತಿಯ ಗಂಡನ ಮನೆಯಲ್ಲಿ ಟ್ರಂಕು ತೆರೆದಾಗ ಸೀರೆಗಳ ನಡುವೆ ಆ ರಂದಾ ಇತ್ತು. ಆ ಹರಕಿನಲ್ಲೇ ಸುತ್ತಿ ಇಟ್ಟಿದ್ದಳು ಅವ್ವ.