ಅಕ್ಕನ ಆಮೆ

ಪೀಣ್ಯದ ಕಾರ್ಖಾನೆಗಳ ಲೇತ್ ಯಂತ್ರದ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ.

ಫ್ಯಾಕ್ಟರಿಯಿಂದ ಬಂದ ಅಕ್ಕ ನನ್ನ ಪಕ್ಕ ಕೂತು ಮೊಬೈಲಿನ ಮಾನ್‌ಸ್ಟರ್ ಕಾಳಗದ ಆಟ ಶುರು ಮಾಡಿದಳು. ಒಂದರೆದುರು ಒಂದೇ ಮೃಗ ಹೊಡೆದಾಡುವ ಸಿಂಗಲ್ಸ್ ಅವಳಿಗೆ ಬೇಡ. ಒಂದೊಂದು ಕಡೆ ಎರಡೆರಡು ಒಟ್ಟಿಗೆ ಇಳಿಯುವ ಡಬಲ್ಸೇ ಆಗಬೇಕು; ನಾವಿಬ್ಬರೂ ಒಂದೇ ಕಡೆ. ನನ್ನ ಹುಲಿ ಎದುರಾಳಿಗಳನ್ನು ಹೊಡೆಯುತ್ತಿತ್ತು, ಅವಳ ಆಮೆ ಹುಲಿಗೆ ಅಡ್ಡ ನಿಂತು ಅವರ ಏಟು ತಿನ್ನುತ್ತಿತ್ತು.

“ನಿನ್ ಆಮೆ ಹೊಡ್ಯೋದೇ ಇಲ್ವಲ್ಲಕ್ಕಾ?”

“ನಿಂದು ಹೊಡೀತದಲ್ಲ, ಸಾಕು ಕಣೋ,” ಎಂದವಳು ಆಟದ ಮಧ್ಯೆಯೇ ಗೋಡೆಗೊರಗಿ ನಿದ್ದೆಹೋದಳು.

ಅವಳ ಸರದಿಯನ್ನೂ ನಾನೇ ಆಡಿ, ಆಮೆಯನ್ನು ಹೊಡೆಯಲು ಬಿಟ್ಟೆ. ಅಡ್ಡ ನಿಲ್ಲುವವರಿಲ್ಲದೆ ಹುಲಿ ಒಂದೇ ಏಟಿಗೆ ಬಿತ್ತು. ಸಿಟ್ಟಿನಿಂದ ಅಕ್ಕನನ್ನು ಅಲುಗಾಡಿಸಿದೆ.

“ಎಬ್ಬಿಸ್ಬೇಡ್ವೋ,” ಅಮ್ಮ ಗದರಿದಳು. “ನಿನ್ನ ಓದು ಬಿಡಿಸ್ಬೇಡಿ ಅಂತ ಎರಡೆರಡು ಶಿಫ್ಟು ಒಪ್ಕೊಂಡವ್ಳೆ.”

ಪರದೆಯಲ್ಲಿ ಆಮೆಯ ಮೇಲೆ ಅವಳ ಎಣ್ಣೆಬೆರಳಿನ ಗುರುತು ಹಾಗೇ ಇತ್ತು.