ಒಂದಾದ ಮೇಲೆ ಅ

“ಒಂದಾದ ಮೇಲೆ ಅ. ಅ ಆದ ಮೇಲೆ ಎರಡು. ಎರಡಾದ ಮೇಲೆ?” ರೇಣುಕಾ ಗಂಡನ ಕೈಗೆ ಪೆನ್ಸಿಲು ತುರುಕಿದಳು.

“ಆ,” ಎಂದ ಗುರುಪ್ರಸಾದ. ವಿಶಾಖಪಟ್ಟಣ ಬಂದರಿನ ನಿವೃತ್ತ ಎಂಜಿನಿಯರು ಈಗ ಅಂಕಿಗೆ ಅಕ್ಷರ ಪೋಣಿಸುವ ಮಗು. ಹಸಿರು ಶಾಯಿಯಲ್ಲಿ ‘ಕೆಂಪು’ ಎಂದು ಬರೆದಿದ್ದರೆ ‘ಹಸಿರು’ ಎನ್ನಬೇಕು. ತಪ್ಪಿದರೆ ಮೊದಲಿನಿಂದ. ಕಾಫಿ ಆಮೇಲೆ. ವಿಜಯವಾಡದ ಹತ್ತಿರ ಕಾರು ಅಪಘಾತದಲ್ಲಿ ಮಗಳು ದೀಪಿಕಾ ಹೋದ ಮೇಲೆ ರೇಣುಕಾಳಿಗೆ ಉಳಿದದ್ದು ಇದೊಂದೇ ಕೆಲಸ.

ಬಾಗಿಲಲ್ಲಿ ಮೈದುನ ಇಂದುಧರ ನಿಂತಿದ್ದ. ಕಸುಬು ವಕೀಲಿ, ಅದನ್ನು ಮನೆಯೊಳಗೂ ಬಿಡುತ್ತಿರಲಿಲ್ಲ. “ಯಾಕೆ ಹಟ ಅತ್ತಿಗೆ? ವಿಜಯವಾಡದ ಡಾಕ್ಟರುಗಳ ಮುಂದೆ ಅಣ್ಣ ತಪ್ಪಲಿ ಬಿಡಿ. ಬುದ್ಧಿ ಸ್ವಾಧೀನದಲ್ಲಿಲ್ಲ ಅಂತ ಬರೆದುಕೊಟ್ಟರೆ ಮುಂದಿನದೆಲ್ಲ ನಾನು ನೋಡ್ಕೋತೀನಿ.”

“ನೀವು ನೋಡ್ಕೊಳ್ಳೋದು ನನಗೆ ಗೊತ್ತಿಲ್ವಾ? ನಿಮ್ಮಣ್ಣನ ತಲೆ ನೆಟ್ಟಗಿದೆ ಅಂತ ಆ ಡಾಕ್ಟರುಗಳ ಕೈಯಲ್ಲೇ ಬರೆಸ್ತೀನಿ. ಆಮೇಲೆ ನಿಮ್ಮ ಮುಖ ಎಲ್ಲಿಟ್ಕೋತೀರೋ ಇಟ್ಕೊಳ್ಳಿ.”

“ಯಾಕೆ ಹಟ ಅತ್ತಿಗೆ?” ಗುರುಪ್ರಸಾದ ತಮ್ಮನ ದನಿಯನ್ನೇ ಅಣಕಿಸಿ ಕಿಸಕ್ಕನೆ ನಕ್ಕ. ಹೀಗೆ ಎದುರಿಗೇ ಅಣಕಿಸುವುದು ಇತ್ತೀಚಿನ ಚಾಳಿ.

ವಿಶಾಖಪಟ್ಟಣದ ಡಾಕ್ಟರಮ್ಮ ವಿಜಯಲಕ್ಷ್ಮೀ ರೇಣುಕಾಳೊಬ್ಬಳಿಗೇ ಬಿಡಿಸಿ ಹೇಳಿದ್ದರು: “ಮರೆವಿನ ಕಾಯಿಲೆ ಒಂದು ಬಗೆಯಮ್ಮಾ. ಇವರದು ಬೇರೆ, ಈಗಿನ್ನೂ ಶುರು. ನೆನಪೆಲ್ಲ ಸರಿಯಾಗಿದೆ. ಹೀಗೆ ಮಾಡಿದರೆ ಮುಂದೇನಾಗುತ್ತೆ ಅನ್ನೋ ಯೋಚನೆ ಮಾತ್ರ ಕೈಕೊಡ್ತಿದೆ.”

ರೇಣುಕಾ ಅದನ್ನು ಯಾರಿಗೂ ಹೇಳಲಿಲ್ಲ. ಪಾಠ ಇಮ್ಮಡಿಯಾಯಿತು.

ವಿಜಯವಾಡ. ಗವರ್ನರ್‌ಪೇಟೆಯ ಲಾಡ್ಜಿನಿಂದ ಆಸ್ಪತ್ರೆಗೆ ಆಟೋದಲ್ಲಿ ಹೋಗುವಾಗಲೂ ಅವಳು ಪಾಠ ಬಿಡಲಿಲ್ಲ. ಡಾಕ್ಟರುಗಳು ಕೇಳಿದ್ದನ್ನೆಲ್ಲ ಗುರುಪ್ರಸಾದ ನೀರು ಕುಡಿದಷ್ಟು ಸಲೀಸಾಗಿ ಒಪ್ಪಿಸಿದ. ಗಡಿಯಾರದ ಮುಳ್ಳನ್ನೂ ಕೇಳಿದಲ್ಲೇ ನಿಲ್ಲಿಸಿದ. ಬುದ್ಧಿ ಸ್ವಾಧೀನದಲ್ಲಿದೆ ಎಂದು ಅವರು ಬರೆದುಕೊಟ್ಟರು.

ಇಂದುಧರ ತಲೆಯ ಮೇಲೆ ಕೈಹೊತ್ತು ಕುಳಿತ.

“ಹೇಗೆ?” ಗುರುಪ್ರಸಾದ ಹೆಂಡತಿಯೆದುರು ಎದೆಯುಬ್ಬಿಸಿದ. “ಎಲ್ಲರ ಬಾಯಿ ಮುಚ್ಚಿಸಿದೆ.”

“ಹೌದು ರೀ. ಇನ್ನು ನೀವು ಬಾಯಿ ಬಿಟ್ಟರೆ ಸಾಕು.”

ತಿಂಗಳು ಕಳೆದು, ಡಾಕ್ಟರುಗಳ ಆ ಕಾಗದದ ಬಲದಿಂದ ಅದೇ ಊರಿನ ಕೋರ್ಟಿನಲ್ಲಿ ವಿಚಾರಣೆ ಶುರುವಾಗಿ, ದೀಪಿಕಾ ಸತ್ತ ದಿನ ಕಾರು ಓಡಿಸುತ್ತಿದ್ದವರು ಯಾರೆಂದು ನ್ಯಾಯಾಧೀಶರು ಆರೋಪಿಯನ್ನು ಕೇಳಿದರು.

“ನಾನೇ, ಕುಡಿದಿದ್ದೆ,” ಎಂದ ಗುರುಪ್ರಸಾದ, ಶಭಾಷ್‌ಗಾಗಿ ಹೆಂಡತಿಯತ್ತ ನೋಡುತ್ತ. “ತಪ್ಪನ್ನು ಸತ್ತವಳ ತಲೆಗೆ ಕಟ್ಟು ಅಂದವನು ನಮ್ಮ ಇಂದುಧರ.”